ಬಸವನ ಬಾಲದಲ್ಲಿ ಕಾಡು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ನಾನು ಒಂದು ಇಂಗ್ಲಿಷ್ ಪತ್ರಿಕೆಯ ಪದಬಂಧವನ್ನು ತಿದ್ದಿದ್ದೇನೆ. ಬಿಡಿಸಿದ್ದೇನೆ ಅನ್ನಲಿಲ್ಲ, ತಿದ್ದಿದ್ದೇನೆ. ಉತ್ತರಗಳು ಚೌಕದೊಳಗೆ ಕೂರಲಿಲ್ಲವೆಂದು ಚೌಕವನ್ನೇ ರಿಪೇರಿ ಮಾಡಿದೆ. ಬೇಕಾದ ಕಡೆ ಬಿಳಿ ಮನೆಗಳಿಗೆ ಇಂಕು ಬಳಿದೆ. ಬೇಡದ ಕಡೆ ಕಪ್ಪು ಮನೆಗಳನ್ನು ಬ್ಲೇಡಿನಿಂದ ಕೆರೆದು ಬಿಳಿ ಮಾಡಲು ಹೋಗಿ, ಹಿಂದಿನ ಪುಟದಲ್ಲಿ ಬ್ಯಾಟು ಎತ್ತಿ ನಿಂತಿದ್ದ ಕ್ರಿಕೆಟ್ ಆಟಗಾರನ ಮೂಗನ್ನೂ ಕೆರೆದು ತೂತು ಮಾಡಿದೆ. ಪತ್ರಿಕೆ ನನ್ನದಾಗಿದ್ದರೆ ಇದನ್ನು ಕಲೆ ಎಂದುಕೊಳ್ಳಬಹುದಿತ್ತು. ಅದು ಮನೆ ಮಾಲೀಕರದು. ನಾನು ಆ ಮನೆ ಸೇರಿ ಎರಡನೆಯ ಬೆಳಿಗ್ಗೆ.

ಮದರಾಸು ಚೆನ್ನೈ ಆಗಿ ಕೆಲವು ವರ್ಷಗಳಾಗಿದ್ದವು. ನೀರು ಶುದ್ಧ ಮಾಡುವ ಯಂತ್ರ ಮಾರುವುದು ನನ್ನ ಕೆಲಸ. ನಲ್ಲಿಯಲ್ಲಿ ನೀರೇ ಬಾರದ ಊರಿನಲ್ಲಿ. ಇದರಿಂದಲೇ ನನ್ನ ಬುದ್ಧಿವಂತಿಕೆಯ ಅಂದಾಜು ನಿಮಗೆ ಸಿಕ್ಕಿರಬೇಕು. ವಾಸ ಎಗ್ಮೋರ್ ಸ್ಟೇಷನ್ನಿಗೆ ಅಂಟಿಕೊಂಡ ಲಾಡ್ಜಿನಲ್ಲಿ. ಇರುಳೆಲ್ಲ ರೈಲಿನ ಘೋಷಣೆ ಕೇಳಿ ಕೇಳಿ, ನಿದ್ದೆಯಲ್ಲೇ ಎದ್ದು ಪೆಟ್ಟಿಗೆ ಹಿಡಿದು ಬಾಗಿಲಲ್ಲಿ ನಿಲ್ಲುವ ರೋಗ ಹತ್ತಿತ್ತು. ಬೇರೆ ರೂಮು ಹುಡುಕಿದರೆ, ಮದುವೆಯಾಗದವನು ಎಂದು ತಿಳಿದ ಕೂಡಲೇ ಮಾಲೀಕರು ನಾಯಿಯನ್ನು ಒಳಗೆ ಕರೆದುಕೊಳ್ಳುತ್ತಿದ್ದರು. ನಾಯಿ ಕೆಟ್ಟುಹೋಗಬಾರದಲ್ಲ!

ಕೊನೆಗೆ ಸಿಕ್ಕವರು ಅಣ್ಣಾ ನಗರದ ರಾಮರಾಯರು. ರೈಲ್ವೆಯಿಂದ ನಿವೃತ್ತರಾದವರು. ಮನೆಮಾತು ಕನ್ನಡವೇ, ಆದರೆ ಅಜ್ಜನ ಕಾಲದಿಂದ ಅಲ್ಲೇ ಇದ್ದದ್ದರಿಂದ ಅವರ ಕನ್ನಡ ಅರ್ಧ ದಾರಿಯಲ್ಲಿ ತಮಿಳಿನ ಬಸ್ಸು ಹತ್ತಿಬಿಡುತ್ತಿತ್ತು. ತಾರಸಿಯ ಮೇಲೊಂದು ರೂಮು, ಬಾಗಿಲಲ್ಲೇ ನನ್ನ ಪರೀಕ್ಷೆ.

"ಕುಡಿಯೋದು?"

"ಇಲ್ಲ ಸಾರ್."

"ಸಿಗರೇಟು?"

"ಇಲ್ಲ ಸಾರ್."

"ಕ್ರಾಸ್‌ವರ್ಡು?"

ಅದೇ ಓಟದಲ್ಲಿ 'ಇಲ್ಲ' ಎನ್ನುವವನಿದ್ದೆ. ಅವರ ಕಣ್ಣಿನಲ್ಲಿ ಏನೋ ಆಸೆ ಕಂಡಿತು. "ದಿನಾ, ಸಾರ್" ಅಂದೆ.

ಎದುರು ಮನೆಯ ಗೆಳೆಯರೊಬ್ಬರ ಜೊತೆ ರಾಯರು ವರ್ಷಗಟ್ಟಲೆ ಪದಬಂಧ ಬಿಡಿಸುತ್ತಿದ್ದರಂತೆ. ಅವರು ಮನೆ ಮಾರಿ ಕೊಯಮತ್ತೂರಿಗೆ ಹೋದ ಮೇಲೆ ರಾಯರು ಒಬ್ಬಂಟಿ. "ಶರಿ. ಒಂದು ತಿಂಗಳು ಇರು, ಪಾಕ್ಕಲಾಂ" ಅಂದರು. ನೋಡೋಣ ಅಂತ. "ಒತ್ತು ಬರ್ಲಿಲ್ಲಾಂದ್ರೆ, ಹೊಂದಾಣಿಕೆ ಆಗ್ಲಿಲ್ಲಾಂದ್ರೆ, ಬೇರೆ ಮನೆ ನೋಡ್ಕೋ."

ನಾನು ಪೂರ್ತಿ ಸುಳ್ಳು ಹೇಳಿರಲಿಲ್ಲ. ಅಮ್ಮ ತರಿಸುತ್ತಿದ್ದ ಕನ್ನಡ ವಾರಪತ್ರಿಕೆಯ ಪದಬಂಧವನ್ನು ಮನೆಯಲ್ಲಿ ನಾನೇ ತುಂಬುತ್ತಿದ್ದುದು. ಅದರ ಉತ್ತರ ಅದೇ ಸಂಚಿಕೆಯಲ್ಲಿ, ಪುಟದ ಕಾಲಬುಡದಲ್ಲಿ ತಲೆಕೆಳಗಾಗಿ ಅಚ್ಚಾಗುತ್ತಿತ್ತು. ಅದನ್ನು ಓದಿ ಓದಿ ನನಗೆ ತಲೆಕೆಳಗಿನ ಕನ್ನಡ ನೆಟ್ಟಗಿನ ಕನ್ನಡಕ್ಕಿಂತ ಚೆನ್ನಾಗಿ ಬರುತ್ತಿತ್ತು. 'ಹುಡುಗ ಚುರುಕು' ಎಂದು ನೆಂಟರಲ್ಲಿ ಹೆಸರಾಗಿತ್ತು.

ಆದ್ದರಿಂದ ಎರಡನೆಯ ಬೆಳಿಗ್ಗೆ, ರಾಯರು ಸ್ನಾನಕ್ಕೆ ಹೋಗಿದ್ದಾಗ ಪತ್ರಿಕೆ ಬಿಡಿಸಿದವನಿಗೆ ಪರಮಾನಂದವಾಯಿತು. ಪದಬಂಧದ ಪಕ್ಕದಲ್ಲೇ ಉತ್ತರ, ಅದೂ ನೆಟ್ಟಗೆ! ಎಂಥ ಉದಾರ ಜನ ಎಂದುಕೊಂಡು ಇಳಿಸತೊಡಗಿದೆ. ಮೂರನೆಯ ಸಾಲಿಗೆ ಅಕ್ಷರಗಳು ಕಪ್ಪು ಮನೆಗೆ ಡಿಕ್ಕಿ ಹೊಡೆದವು. ಇಂಗ್ಲಿಷ್ ಪತ್ರಿಕೆ ನಿನ್ನೆಯ ಉತ್ತರವನ್ನು ಇವತ್ತು ಹಾಕುತ್ತದೆ ಎಂದು ಯಾರಿಗೆ ಗೊತ್ತು? ಅಚ್ಚಿನಲ್ಲಿ ತಪ್ಪಾಗಿದೆ ಎಂದು ಮರುಕಪಟ್ಟು ಬ್ಲೇಡು ತಂದೆ.

ರಾಯರು ಒದ್ದೆ ತಲೆಯಲ್ಲೇ ಬಂದು ಪತ್ರಿಕೆ ಎತ್ತಿದರು. ತೂತಿನಿಂದ ನನ್ನನ್ನು ನೋಡಿದರು.

"ಎನ್ನ ಪಾ ಇದು?"

"ಅಚ್ಚು ತಪ್ಪಾಗಿತ್ತು ಸಾರ್. ಸರಿ ಮಾಡಿದೆ."

ಅವರು ಪುಟ ತಿರುಗಿಸಿ ಮೂಗಿಲ್ಲದ ಆಟಗಾರನನ್ನು ನೋಡಿದರು. ನಾನು ಎಗ್ಮೋರಿನ ಘೋಷಣೆಗಳನ್ನು ಮನಸ್ಸಿನಲ್ಲೇ ಕೇಳತೊಡಗಿದೆ. ಆಮೇಲೆ ನಿಟ್ಟುಸಿರು ಬಿಟ್ಟು, "ನಾಳೆಯಿಂದ ಕಾಫಿ ಹೊತ್ತಿಗೆ ಕೆಳಗೆ ಬಾ. ಕಲಿಸ್ತೀನಿ" ಅಂದರು.

ಇಂಗ್ಲಿಷಿನಲ್ಲಿ ನನ್ನ ಯೋಗ್ಯತೆ ಒಂದೇ ದಿನದಲ್ಲಿ ತಿಳಿದುಹೋಗಿ, ನನಗೋಸ್ಕರ ಕನ್ನಡದಲ್ಲೇ ಸುಳಿವು ಕಟ್ಟಲು ಕೂತರು ಪುಣ್ಯಾತ್ಮರು. "ಸುಳಿವು ಅನ್ನೋದು ಎರಡು ತುಂಡು ಪಾ. ಒಂದು ತುದೀಲಿ ನಿಜವಾದ ಅರ್ಥ ಇರತ್ತೆ. ಮಿಕ್ಕಿದ್ದು ಅಡುಗೆ ಮಾಡೋ ಕ್ರಮ, ಅಕ್ಷರಾನ ಹೆಂಗೆ ಹೆಚ್ಚೋದು, ಹೆಂಗೆ ಕಲಸೋದು ಅಂತ. ಎರಡೂ ಸೇರಿ ಒಂದು ಒಳ್ಳೆ ವಾಕ್ಯದ ಥರ ವೇಷ ಹಾಕ್ಕೊಂಡು ಬರತ್ತೆ. ಆ ವೇಷಾನ ಮಾತ್ರ ನಂಬ್ಬಾರ್ದು."

ನನ್ನ ತೊಂದರೆಯೇ ಅದು. ನಾನು ನಂಬುವ ಮನುಷ್ಯ. 'ಬಸವನ ಬಾಲದಲ್ಲಿ ಕಾಡು, ಎರಡಕ್ಷರ' ಎಂದು ಅವರು ಹೇಳಿದ್ದೇ ತಡ, ನನ್ನ ಕಣ್ಣ ಮುಂದೆ ಒಂದು ಎತ್ತು ಬಂದು ನಿಂತು ಬಾಲ ಬೀಸಿತು.

"ನೊಣ!" ಅಂದೆ.

"ಕಾಡು ಎಲ್ಲಿ?"

"ಬಾಲದ ತುಂಬ ನೊಣಾನೇ ಕಾಡಿನ ಥರ ಮುತ್ತಿರತ್ತಲ್ಲ ಸಾರ್."

ರಾಯರು ಕಣ್ಣು ಮುಚ್ಚಿಕೊಂಡರು. ಎತ್ತೂ ಇಲ್ಲ, ನೊಣವೂ ಇಲ್ಲ. 'ಬಸವನ' ಎನ್ನುವ ಪದವನ್ನೇ ನಿಲ್ಲಿಸಿಕೊಂಡು ಅದರ ಬಾಲ ಹಿಡಿಯಬೇಕು. ಕೊನೆಯ ಎರಡಕ್ಷರ 'ವನ'. ವನವೆಂದರೆ ಕಾಡು. ಇಷ್ಟು ತಿಳಿಸುವ ಹೊತ್ತಿಗೆ ಇಡ್ಲಿ ಆರಿತ್ತು. ಎಲ್ಲ ಮುಗಿದ ಮೇಲೆ ನಾನು, "ಹಾಗಾದ್ರೆ ಎತ್ತು ಕಾಡನ್ನ ತಿಂದಿತ್ತಾ ಸಾರ್?" ಎಂದು ಕೇಳಿದೆ. ಅವರು ಮತ್ತೆ ಮೊದಲಿನಿಂದ ಹೇಳಿದರು.

ಹೀಗೆ ದಿನವೂ ಒಂದೊಂದು ಕುತಂತ್ರ. ಸುಳಿವಿನಲ್ಲಿ ಕುಡುಕ, ಹುಚ್ಚ, ಬಿರುಗಾಳಿ ಇವರಲ್ಲಿ ಯಾರಾದರೂ ಕಂಡರೆ ಅಕ್ಷರಗಳನ್ನು ಕಲಸಬೇಕು. ಹೃದಯ ಎಂದರೆ ಪದದ ನಡುವಿನ ಅಕ್ಷರ. ತಲೆ ಹೋಯಿತೆಂದರೆ ಮೊದಲಕ್ಷರ ಹೋಯಿತು. 'ಅರಸ'ನ ತಲೆ ಹಾರಿಸಿದರೆ 'ರಸ' ಸಿಗುತ್ತದೆ. ಇಷ್ಟು ರಕ್ತಪಾತ ಬೆಳಗಿನ ಕಾಫಿಯ ಜೊತೆ ನಡೆಯುತ್ತದೆಂದು ನನಗೆ ಗೊತ್ತಿರಲಿಲ್ಲ. ನಮ್ಮವರಿಗೂ ಇದು ಹೊಸದೇನಲ್ಲ ಬಿಡಿ. ದಾಸರು ಮುಂಡಿಗೆ ಎಂದು ಹಾಡು ಕಟ್ಟಿ, ಅರ್ಥ ನೀವೇ ಹುಡುಕಿಕೊಳ್ಳಿ ಎಂದು ತಂಬೂರಿ ಹಿಡಿದು ಮುಂದಿನ ಊರಿಗೆ ಹೋದರು. ಹೊಸ ಮದುಮಗಳನ್ನು ಒಡಪಿನಲ್ಲಿ ಗಂಡನ ಹೆಸರು ಹೇಳದೆ ಹೊಸ್ತಿಲು ದಾಟಲು ಬಿಡದ ಜನ ನಾವು. ನನ್ನದೂ ಹೊಸ್ತಿಲ ಮೇಲಿನ ಸ್ಥಿತಿಯೇ. ಗಂಡ ಮಾತ್ರ ಇರಲಿಲ್ಲ.

ರೋಗ ಹೊರಗೂ ಹಬ್ಬಿತು. ಗಿರಾಕಿ "ಮುಂದಿನ ವಾರ ಬನ್ನಿ" ಎಂದರೆ ಗೇಟಿನಲ್ಲೇ ನಿಂತು ಅದರಲ್ಲಿ ಅರ್ಥ ಯಾವ ತುದಿಯಲ್ಲಿದೆ ಎಂದು ಯೋಚಿಸುತ್ತಿದ್ದೆ. ಮ್ಯಾನೇಜರು "ತಲೆ ಇದೆಯೇನಯ್ಯಾ ನಿನಗೆ?" ಎಂದು ಗದರಿದಾಗ, ನನ್ನ ಹೆಸರಿನ ಮೊದಲಕ್ಷರ ತೆಗೆದು ನೋಡಿಕೊಂಡೆ. ಇಷ್ಟಾದರೂ ಒಂದೇ ಒಂದು ಸುಳಿವನ್ನೂ ಬಿಡಿಸಲು ನನ್ನಿಂದಾಗಲಿಲ್ಲ. ತಿಂಗಳು ಮಾತ್ರ ಮುಗಿಯುತ್ತ ಬಂತು.

ಆಗ ರಾಯರು ಕೊನೆಯ ಪರೀಕ್ಷೆ ಇಟ್ಟರು. "ಹಿಂದಕ್ಕೆ ಹರಿದ ನದಿಗೆ ಇಪ್ಪತ್ನಾಲ್ಕು ಗಂಟೆ. ಎರಡಕ್ಷರ. ಇದಕ್ಕಿಂತ ಸುಲಭ ನನ್ನಿಂದಾಗಲ್ಲ ಪಾ. ತಿಂಗಳೊಳಗೆ ಹೇಳು, ರೂಮು ನಿನಗೆ."

"ಕೂವಂ ನದಿಯಾ ಸಾರ್?"

"ಅದು ಮುಂದಕ್ಕೇ ಹರಿಯಲ್ವಲ್ಲೋ!"

ನೀವು ಆಗಲೇ ಬಿಡಿಸಿ ನಗುತ್ತಿರಬಹುದು. ನಗಿ. ನಿಮಗೇನು, ಸ್ವಂತ ಮನೆ ಇದೆ.

ತಿಂಗಳ ಕೊನೆಯ ಸಂಜೆ, ಚೇಟ್‌ಪೇಟ್ ಹತ್ತಿರ ಅದೇ ಕೂವಂ ಸೇತುವೆಯ ಮೇಲೆ ನನ್ನ ಬಸ್ಸು ಸಿಕ್ಕಿಕೊಂಡಿತು. ಬಸ್ಸು ನಿಂತಿತ್ತು, ಕೆಳಗೆ ನದಿ ನಿಂತಿತ್ತು, ಆ ವಾಸನೆಗೆ ಮೂಗು ಹಿಡಿದಿದ್ದ ನನ್ನ ಉಸಿರೂ ನಿಂತಿತ್ತು. ಮುಂದೆ ಲಾರಿ ಕೆಟ್ಟಿದ್ದರಿಂದ ಕಂಡಕ್ಟರು ಸೀಟಿ ಊದುತ್ತ ಬಸ್ಸನ್ನು ಹಿಂದಕ್ಕೆ ತೆಗೆಸಿದ. ಬಸ್ಸು ಹಿಂದಕ್ಕೆ ಸರಿಯಿತು. ಉಸಿರಿಲ್ಲದ ನನ್ನ ತಲೆಯೊಳಗೆ 'ನದಿ'ಯೂ ಹಿಂದಕ್ಕೆ ಸರಿಯಿತು. ದಿ, ನ. ದಿನ! ಇಪ್ಪತ್ನಾಲ್ಕು ಗಂಟೆ! ನಾನು ಎದ್ದು ಕಿರುಚಿದ ರೀತಿಗೆ ಕಂಡಕ್ಟರು ನನ್ನನ್ನು ಅಲ್ಲೇ ಇಳಿಸಿದ. ಉಳಿದ ದಾರಿಯನ್ನು ಓಡಿದೆ.

ಬಾಗಿಲಲ್ಲಿ ರಾಯರ ಹೆಂಡತಿ ಸರೋಜಾ ಮಾಮಿ ಅವರೆಕಾಯಿ ಬಿಡಿಸುತ್ತಿದ್ದರು. "ಮಾಮಿ, ಹೊಳೀತು! ನದಿ ಸುಳಿವು ಬಿಡಿಸ್ಬಿಟ್ಟೆ! ಸಾರ್ ಎಲ್ಲಿ?" ಅಂದೆ.

ಮಾಮಿ ಅವರೆಕಾಯಿ ಅಲ್ಲೇ ಬಿಟ್ಟು ನನ್ನ ರಟ್ಟೆ ಹಿಡಿದು ಅಡುಗೆಮನೆಗೆ ಎಳೆದುಕೊಂಡು ಹೋದರು.

"ಮೆಲ್ಲಗೆ! ಅವರಿಗೆ ಹೇಳ್ಬೇಡಪ್ಪಾ, ನಿನಗೆ ಪುಣ್ಯ ಬರತ್ತೆ. ಎದುರುಮನೆಯವರು ಇದ್ದಾಗ ಇಬ್ರೂ ಸೇರಿ ಕಾಫಿ ಆರೋದ್ರೊಳಗೆ ಮುಗಿಸ್ಬಿಡೋರು. ಆಮೇಲೆ ಇಡೀ ದಿನ ಇಲ್ಲೇ ಬಂದು ನಿಂತ್ಕೊಳ್ಳೋರು. ಹುಳೀಗೆ ಬೇಳೆ ಕಮ್ಮಿ, ಆ ಡಬ್ಬ ಯಾಕೆ ಇಲ್ಲಿದೆ, ಗ್ಯಾಸು ಸಣ್ಣಕ್ಕೆ ಮಾಡು... ಮುಪ್ಪಿನಲ್ಲಿ ಒಬ್ಬ ಸೂಪರ್ವೈಸರು ನನಗೆ! ನೀನು ಬಂದ್ಮೇಲೇ ನಾನು ನೆಮ್ಮದಿಯಾಗಿ ಒಂದು ಒಗ್ಗರಣೆ ಹಾಕ್ತಿರೋದು. ಈ ಮುಂಡೇದಕ್ಕೆ ಹೆಂಗೆ ಅರ್ಥ ಮಾಡಿಸ್ಲಿ ಅಂತ ಊಟದ ತನಕ ಕೂತು ಯೋಚ್ನೆ ಮಾಡ್ತಾರೆ. ಬೈಯೋದೇನೋ ಬೈತಾರೆ, ಆದ್ರೆ ಎಷ್ಟು ಖುಷಿಯಾಗಿದಾರೆ ಗೊತ್ತಾ?"

ಅಷ್ಟರಲ್ಲಿ ಒಳಗಿನಿಂದ ರಾಯರ ದನಿ: "ಎನ್ನ ಪಾ, ಬಂದ್ಯಾ? ನದಿ ಹರೀತಾ?"

ಜೀವಮಾನದ ಮೊದಲ ಸರಿಯುತ್ತರ ನನ್ನ ಬಾಯೊಳಗೆ ಬಿಸಿ ಬೋಂಡದ ಹಾಗೆ ಉರುಳುತ್ತಿತ್ತು. ಹೇಳಿದರೆ ರೂಮು, ಹೇಳದಿದ್ದರೆ ಎಗ್ಮೋರ್. ಮಾಮಿಯ ಕಡೆ ನೋಡಿದೆ. ಅವರು ಸೌಟು ಹಿಡಿದು, ಕೈಮುಗಿದ ಹಾಗೆ ನಿಂತಿದ್ದರು. ನುಂಗಿದೆ.

"ಇಲ್ಲ ಸಾರ್. ಕಾವೇರಿ ಅಂದ್ಕೊಂಡೆ. ಒಂದಕ್ಷರ ಜಾಸ್ತಿಯಾಯ್ತು."

"ಕಡವುಳೇ!" ಎಂದು ರಾಯರು ತಮಿಳಿನಲ್ಲೇ ದೇವರನ್ನು ಕರೆದದ್ದು ಕೇಳಿತು. ಹಿಂದೆಯೇ ಕುರ್ಚಿ ಎಳೆದುಕೊಂಡ ಸದ್ದು, ಕಾಗದದ ಸದ್ದು, ಪೆನ್ಸಿಲು ಕೆತ್ತುವ ಸದ್ದು. ಬೇರೆ ಯಾವುದೋ ಇನ್ನೂ ಸುಲಭದ ದಾರಿ ಹುಡುಕುತ್ತ ಅವರು ಗುನುಗತೊಡಗಿದ್ದರು.

"ಮಾಮಿ, ಇವತ್ತು ತಿಂಗಳು ಮುಗೀತು. ರೂಮು?" ಎಂದು ಪಿಸುಗುಟ್ಟಿದೆ.

ಮಾಮಿ ನನ್ನ ತಟ್ಟೆಗೆ ದೋಸೆ ಹಾಕಿ, ಅದರ ಮೇಲೆ ಧಾರಾಳವಾಗಿ ತುಪ್ಪ ಸುರಿದು ಹೇಳಿದರು: "ಮನೆ ಇರೋದು ನನ್ನ ಹೆಸರಲ್ಲಿ ಕಣೋ. ನಿನಗೆ ಬುದ್ಧಿ ಬರೋ ತನಕ ಇರು."