ಎಳನೀರು ಕೀಳದ ತೋಟ

ನನ್ನ ಕಿಡ್ನಿಯ ಕಲ್ಲು ತಿಂದು ಉಂಡು ಬಂದದ್ದಲ್ಲ. ಅಪ್ಪ ಅಮ್ಮ ಇಬ್ಬರ ಕಡೆಯಿಂದಲೂ ಇಳಿದು ಬಂದ ಅಪರೂಪದ ಕಾಯಿಲೆ. ಸಿಸ್ಟೀನ್ ಅನ್ನೋದೊಂದು ಮೂತ್ರಕ್ಕೆ ಸೋರಿ ಕಲ್ಲು ಕಟ್ಟುತ್ತದೆ, ತೆಗೆಸಿದರೆ ಮತ್ತೆ ಕಟ್ಟುತ್ತದೆ. ಮಾತ್ರೆಯ ಜೊತೆಗೆ ದಿನವಿಡೀ ನೀರು ಕುಡಿಯುತ್ತಲೇ ಇರಬೇಕು. ಊರೂರು ತಿರುಗಿ ಬೋರ್‌ವೆಲ್ ರಿಪೇರಿ ಮಾಡುವವನಿಗೆ ಅದೇ ಕಷ್ಟ.

ದಂಡಿನಶಿವರದ ಹತ್ತಿರ ಒಂದು ತೆಂಗಿನ ತೋಟ. ಬೋರ್ ಮೋಟಾರಿನ ಸ್ಟಾರ್ಟರ್ ಸುಟ್ಟು ತೋಟದಲ್ಲಿ ಹನಿ ನೀರಿಲ್ಲ, ಮನೆಯೋ ದೂರ. ಮಧ್ಯಾಹ್ನಕ್ಕೆ ನನ್ನ ಬಾಟಲಿ ಖಾಲಿಯಾಗಿ, ಸೊಂಟದಲ್ಲಿ ಹಳೇ ನೋವು ಮೆಲ್ಲಗೆ ಎದ್ದಿತು. ತೋಟದ ಯಜಮಾನರಿಗೆ ವಿಷಯ ಹೇಳಿ ನೀರು ಕೇಳಿದೆ.

"ಕಲ್ಲಾ? ಅದಕ್ಕೆ ನೀರು ಯಾಕಪ್ಪ, ಎಳನೀರು ಕುಡಿ. ಕರಗೋಯ್ತದೆ."

"ಇದು ಹುಟ್ಟಿನಿಂದ ಬಂದಿದ್ದು ಯಜಮಾನ್ರೇ, ಕರಗಲ್ಲ. ಆದ್ರೂ ಕೊಡಿ, ಕುಡೀತೀನಿ."

ಅವರು ತಲೆಯೆತ್ತಿ ಗೊನೆಗಳನ್ನು ನೋಡಿದರು. "ನಮ್ಮಲ್ಲಿ ಎಳನೀರು ಕೀಳಾಕಿಲ್ಲ ಕಣಪ್ಪ. ಇವೆಲ್ಲ ಕೊಬ್ಬರಿಗೆ ಬುಟ್ಟಿರೋವು. ಎಳೇದು ಕಿತ್ರೆ ಮರ ನೊಂದ್ಕೊತದೆ."

"ನಾನೂ ನೊಂದ್ಕೊತಾ ಇದ್ದೀನಲ್ಲ?"

"ಟೌನಲ್ಲಿ ಮಾರ್ತಾರೆ, ಹೋಗ್ತಾ ಕುಡ್ಕೊ. ಮೊದ್ಲು ಸ್ಟಾರ್ಟರ್ ರೆಡಿ ಮಾಡು."

ಸೊಂಟ ಹಿಡಿದುಕೊಂಡೇ ಕೆಲಸ ಮುಗಿಸಿದೆ. ಮೋಟಾರು ಹಾಕಿ, ಕೆಸರು ಹೋಗಿ ತಿಳಿನೀರು ಬರುತ್ತಲೇ ಪೈಪಿಗೆ ಬಾಯಿಟ್ಟು ಹೊಟ್ಟೆ ಬಿರಿಯುವಂತೆ ಕುಡಿಯತೊಡಗಿದೆ. ಯಜಮಾನರು ಭುಜ ಹಿಡಿದು ಎಳೆದರು.

"ಬುಡು ಬುಡು, ಅಷ್ಟು ಕುಡೀಬ್ಯಾಡ. ಬೋರ್ ನೀರು, ಕಲ್ಲಾಯ್ತದೆ."

ಈ ಸೀಮೆಯಲ್ಲಿ ನನ್ನ ಕಾಯಿಲೆಗೆ ಮದ್ದು ಹೇಳದವರನ್ನು ನಾನಿನ್ನೂ ಕಂಡಿಲ್ಲ. ಒಂದು ಚೊಂಬು ನೀರು ಕೊಟ್ಟು ಸುಮ್ಮನಿರುವವರನ್ನೂ ಕಂಡಿಲ್ಲ.