ಫಾರಂ ಎಂಟಕ್ಕೆ ಅಕ್ಕನ ಸಹಿ

ಶಂಕಗಿರಿಯಲ್ಲಿ ಲಾರಿಗಳಿಗೆ ಸೀಟ್ ಕವರ್ ಹೊಲಿಯುವ ಅಂಗಡಿ ನಮ್ಮದು. ಅಕ್ಕ ರೆಕ್ಸಿನ್ ಕತ್ತರಿಸುತ್ತಿದ್ದಳು, ನಾನು ಅಳತೆ ತೆಗೆದು ಹೊಲಿಯುತ್ತಿದ್ದೆ. ವ್ಯಾಪಾರ ಸ್ವಲ್ಪ ಕೈಹಿಡಿದಾಗ ಸೇಲಂನ ಆಡಿಟರೊಬ್ಬರು, "ಎಲ್‌ಎಲ್‌ಪಿ ಮಾಡಿಕೊಳ್ಳಿ, ನಾಳೆ ನಷ್ಟವಾದರೂ ಮನೆಗೆ ಕೈ ಹಾಕುವುದಿಲ್ಲ" ಎಂದರು. ಹೊಣೆಗೆ ಮಿತಿಯಿರುವ, ಸರಕಾರದಲ್ಲಿ ದಾಖಲಾಗುವ ಪಾಲುದಾರಿಕೆ ಅದು. ನಮ್ಮ ತಲೆಗೆ ಹೋದದ್ದು ಇಷ್ಟೇ: ಬೋರ್ಡಿನ ಮೇಲೆ ಮೂರು ಇಂಗ್ಲಿಷ್ ಅಕ್ಷರ ಬರುತ್ತವೆ. ಇಬ್ಬರೂ ಹಿಗ್ಗಿ ಹೀರೇಕಾಯಿಯಾದೆವು.

ನಾಲ್ಕನೇ ವರ್ಷ ತಪ್ಪು ಅಳತೆಗೆ ಕತ್ತರಿಸಿ ಒಂದು ಇಡೀ ರೋಲ್ ರೆಕ್ಸಿನ್ ಹಾಳಾಯಿತು. ಲಾರಿ ಮಾಲೀಕನ ಎದುರಿಗೇ ನಾನು ಅಕ್ಕನ ಮೇಲೆ ಕೂಗಾಡಿದೆ. ಸಂಜೆ ನೋಟುಬುಕ್ಕು ತೆಗೆದು ನೋಡಿದರೆ ತಪ್ಪು ಅಳತೆ ಬರೆದುಕೊಟ್ಟವಳು ನಾನೇ. ಹಾಳೆ ಹರಿದು ಒಲೆಗೆ ಹಾಕಿದೆ. ಇವತ್ತಿಗೂ ಅದನ್ನು ನೆನೆದರೆ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ನಮ್ಮ ಮನೆತನದಲ್ಲಿ ಪಾಲು ಬಿಡುವಾಗ ಹಿರಿಯರ ಮುಂದೆ ಇಬ್ಬರೂ ಒಂದು ವೀಳ್ಯದೆಲೆ ಹಿಡಿದು ಹರಿಯುತ್ತಾರೆ. ಅಲ್ಲಿಗೆ ಕೊಡು ಕೊಳ್ಳುವುದು, ಮಾತು ಕತೆ ಎಲ್ಲ ಮುಗಿಯಿತು. ಆ ಜಗಳದ ಮೇಲೆ ನಾವೂ ಹರಿದೆವು. ಕತ್ತರಿಸುವ ಮೇಜು ಅಕ್ಕನಿಗೆ, ಹೊಲಿಗೆ ಮಿಷನ್ನು ನನಗೆ. ಅಕ್ಕ ಗಂಡನ ಊರು ಕಾರಿಮಂಗಲಕ್ಕೆ ಹೋದಳು. ಕಂಪನಿಯೂ ಎಲೆಯೊಂದಿಗೇ ಮುಗಿಯಿತು ಎಂದುಕೊಂಡ ನಾವು ಆಡಿಟರಿಗೆ ಒಂದು ಫೋನೂ ಮಾಡಲಿಲ್ಲ.

ಮೂರು ವರ್ಷದ ಮೇಲೆ ಸರಕಾರದಿಂದ ನೋಟಿಸು ಬಂತು. ಸೇಲಂಗೆ, ಆಡಿಟರ ಹತ್ತಿರ ಓಡಿದೆ. ವ್ಯಾಪಾರ ಸೊನ್ನೆಯಾದರೂ ವರ್ಷಕ್ಕೆರಡು ಫಾರಂ ಸಲ್ಲಿಸಲೇಬೇಕಂತೆ. ಮೇ ಮುಗಿಯುವುದರೊಳಗೆ ಹನ್ನೊಂದನೇ ಫಾರಂ, ಅಕ್ಟೋಬರ್ ಮುಗಿಯುವುದರೊಳಗೆ ಎಂಟನೆಯದು. ತಡವಾದಷ್ಟೂ ದಂಡ. ಮುಚ್ಚಬೇಕಾದರೂ ಮೊದಲು ಬಾಕಿ ಫಾರಂಗಳು ಹೋಗಬೇಕು. ಎಂಟನೇ ಫಾರಂನಲ್ಲಿ, ಸಾಲ ಬಂದರೆ ತೀರಿಸಬಲ್ಲೆವು ಎಂದು ಇಬ್ಬರು ಪಾಲುದಾರರೂ ಸೇರಿ ಹೇಳಿ ಸಹಿ ಹಾಕಬೇಕು. ನಾವಿದ್ದದ್ದೇ ಇಬ್ಬರು.

ಕಾರಿಮಂಗಲಕ್ಕೆ ಹೋದೆ. ಅಕ್ಕ ಬಾಗಿಲಲ್ಲೇ ನಿಂತಳು. "ಎಲೆ ಅರ್ದಾಯ್ತಲ್ಲಾ. ಇನ್ನೇನೈತೆ ನಂಗೂ ನಿಂಗೂ?"

"ಗೌರ್ಮೆಂಟ್ಗೆ ನಮ್ ಎಲೆಯೆಲ್ಲಾ ಗೊತ್ತಾಗಾಕಿಲ್ಲಕ್ಕಾ. ಅವ್ರ್ ಲೆಕ್ಕದಾಗೆ ನಾವಿನ್ನೂ ಪಾರ್ಟ್ನರ್ರು."

ಸಹಿ ಹಾಕಿದರೆ ಹಿರಿಯರಿಗೆ ಕೊಟ್ಟ ಮಾತು ಮುರಿದಂತೆ ಎಂದು ಬಾಗಿಲು ಹಾಕಿಕೊಂಡಳು. ಮತ್ತೆ ಹೋದೆ. ಮೂರನೇ ಸಲ ದಂಡ ಇಬ್ಬರ ಮೇಲೂ ಬೆಳೆಯುತ್ತಿರುವುದನ್ನು ತೋರಿಸಿದಾಗ ಒಪ್ಪಿದಳು. "ಸೈನ್ ಆಕ್ತೀನಿ. ಅಷ್ಟೇ. ಬ್ಯಾರೆ ಮಾತ್ ಬ್ಯಾಡ."

ಫಾರಂಗೆ ಹಾಕುವ ಅಕ್ಕನ ಡಿಜಿಟಲ್ ಸಹಿಯ ಅವಧಿ ಮುಗಿದಿತ್ತು. ಹೊಸದಕ್ಕೆ ಫೋನಿನ ಕ್ಯಾಮರಾ ನೋಡಿ ಹೆಸರು ಹೇಳಬೇಕು. ಅಕ್ಕ ತಲೆ ಬಾಚಿಕೊಂಡು ಬಂದು ಕೂತಳು. ಫೋನು ಹಿಡಿದದ್ದು ನಾನು. ಮೂರು ವರ್ಷದ ಮೇಲೆ ನನ್ನ ಕಡೆ ನೇರವಾಗಿ ನೋಡಿದಳು, ಅದೂ ಫೋನಿಗಾಗಿ. ನನಗೆ ಅಳು ಬಂತು.

ಆಮೇಲೆ ನಾನೊಂದು ಕಳ್ಳ ಕೆಲಸ ಮಾಡಿದೆ. ಅಕ್ಕನನ್ನು ನೋಡುವ ನೆಪಕ್ಕೆ, ಒಂದೇ ದಿನ ಮುಗಿಸಬಹುದಾದ ಸಹಿಗಳನ್ನು ಬಾಕಿಯಿದ್ದ ಒಂದೊಂದು ವರ್ಷಕ್ಕೂ ಒಂದೊಂದು ಪ್ರಯಾಣ ಎಂದು ಲೆಕ್ಕ ಹಾಕಿದೆ. ಅದಿಯಮಾನ್‌ಕೋಟೆ ದಾಟುವಾಗಲೇ ಬಸ್ಸಿನಲ್ಲಿ ಮಾತು ಜೋಡಿಸಿಕೊಳ್ಳುತ್ತಿದ್ದೆ: ಅಕ್ಕಾ, ಅವತ್ತು ಅಳತೆ ನನ್ನದೇ ತಪ್ಪು. ಮನೆ ಮುಟ್ಟಿದರೆ ಫಾರಂ ಮಾತಷ್ಟೇ ಆಡುತ್ತಿದ್ದೆ. ಅಕ್ಕ ಮೊದಲು ಟೀ ಕೊಟ್ಟಳು, ಇನ್ನೊಂದು ಸಲ "ಉಂಡ್ಕಂಡ್ ಓಗು" ಎಂದಳು. ಅವಳು ಅಷ್ಟು ಕರಗಿರುವಾಗ ಹಳೆಯದನ್ನು ಕೆದಕುವುದೇಕೆ ಎಂದು ನನಗೆ ನಾನೇ ಸಬೂಬು ಹೇಳಿಕೊಂಡೆ.

ಕೊನೆಗೆ ಉಳಿದದ್ದು ಕಂಪನಿ ಮುಚ್ಚುವ ಪ್ರಮಾಣಪತ್ರ. ಧರ್ಮಪುರಿಯ ನೋಟರಿ ಹತ್ತಿರ ಇಬ್ಬರೂ ಸಹಿ ಹಾಕಿದೆವು. ಬಸ್ ಸ್ಟ್ಯಾಂಡಿನಲ್ಲಿ ಅಕ್ಕ ಕೇಳಿದಳು. "ಇದೇ ಕಡೇದಾ?"

"ಊಂ. ಅಕ್ಕಾ, ಅವತ್ತು ಆ ರೆಕ್ಸಿನ್ನು... ಅಳ್ತೆ ತಪ್ ಬರ್ದಿದ್ದು ನಾನು."

"ಗೊತ್ತು. ಅವತ್ತೇ ಗೊತ್ತಿತ್ತು. ಬರ್ದಿದ್ನ ನೋಡ್ಕಂಡೇ ಅಲ್ವಾ ನಾ ಕತ್ರಿಸಿದ್ದು?" ಸೆರಗಿನಿಂದ ಮುಖ ಒರೆಸಿಕೊಂಡಳು. "ಒಂದೊಂದ್ ಸೈನ್ಗೂ ನೀ ಬಂದಾಗ, ಇವತ್ ನಿಜ ಏಳ್ತಾಳೆ ಅಂತ ಅನ್ನ ಮಾಡ್ ಇಕ್ತಿದ್ದೆ. ಎಲ್ಲಾ ಮುಗುದ್ ಮ್ಯಾಲೆ ಏಳ್ತೀಯಲ್ಲೇ. ಇನ್ ಬರ್ಬ್ಯಾಡ."

ಕಾರಿಮಂಗಲದ ಬಸ್ಸು ಬಂತು, ಹತ್ತಿದಳು. ಕಿಟಕಿ ಪಕ್ಕವೇ ಕೂತರೂ ಇತ್ತ ತಿರುಗಲಿಲ್ಲ.

ಕೆಲವು ತಿಂಗಳ ಮೇಲೆ ಆಡಿಟರ್ ಫೋನು ಮಾಡಿ, ನಮ್ಮ ಕಂಪನಿಯ ಹೆಸರು ತೆಗೆದಿದ್ದಾರೆ ಎಂದರು. ಇನ್ನೊಂದಾದರೂ ಫಾರಂ ಉಳಿದಿದೆಯೇ ಎಂದು ಕೇಳಿದೆ.

"ಒಣ್ಣುಮ್ ಇಲ್ಲಮ್ಮಾ," ಎಂದರು. "ನಿಮ್ಮದಿಯಾ ಇರುಂಗ."

ಏನೂ ಉಳಿದಿಲ್ಲವಂತೆ, ನೆಮ್ಮದಿಯಾಗಿರಬೇಕಂತೆ. ಸರಿ ಎಂದು ಫೋನಿಟ್ಟೆ. ಫಾರಂ ಇಲ್ಲದೆ ಯಾವ ಮುಖ ಹೊತ್ತುಕೊಂಡು ಅಕ್ಕನ ಬಾಗಿಲಿಗೆ ಹೋಗಲಿ ಎಂದು ಅವರನ್ನು ಕೇಳುವುದಕ್ಕಾಗುತ್ತದೆಯೇ?