ಗುಲಾಬಿ ಮೊದಲು, ಊದು ಆಮೇಲೆ

ಅವರ ಬಲಗಿವಿಯ ಮೇಲಿನ ಮಡಿಕೆಯಲ್ಲಿ ಯಾವಾಗಲೂ ಒಂದು ಹತ್ತಿಯ ಉಂಡೆ ಇರುತ್ತಿತ್ತು. ಜೋಳದ ಕಾಳಿಗಿಂತ ತುಸು ದೊಡ್ಡದು. ಬೆಳಿಗ್ಗೆ ಬೆಳ್ಳಗೆ ಇಟ್ಟುಕೊಂಡದ್ದು ಸಂಜೆಯ ಹೊತ್ತಿಗೆ ಬೆಲ್ಲದ ಬಣ್ಣಕ್ಕೆ ತಿರುಗಿರುತ್ತಿತ್ತು. ಅವರು ಮಾತಿನ ನಡುವೆ ತಲೆ ಹೊರಳಿಸಿದರೆ ಸಾಕು, ರಸ್ತೆಯ ಆಚೆಯಿಂದ ಗುಲಾಬಿ ಹೊರಟು ನನ್ನ ಅಂಗಡಿಯ ಖಾರದ ಘಾಟನ್ನೂ ದಾಟಿ ಬರುತ್ತಿತ್ತು.

ಲಕ್ಷ್ಮೇಶ್ವರದ ಬಜಾರದಲ್ಲಿ ನನ್ನದು ಮಸಾಲೆ ಖಾರ, ಚಟ್ನಿಪುಡಿಗಳ ಅಂಗಡಿ. ಎದುರಿಗೆ ಅವರ ಅತ್ತರಿನ ಅಂಗಡಿ. ಊರೆಲ್ಲ ಅವರನ್ನು ಅತ್ತರ್ ಚಾಚಾ ಎನ್ನುತ್ತಿತ್ತು, ನಾನೂ ಹಾಗೆಯೇ ಕರೆದೆ. ಇಪ್ಪತ್ತು ವರ್ಷ ದಿನಾ ಮುಖ ನೋಡಿಕೊಂಡು ಕೂತರೂ ನಮ್ಮಿಬ್ಬರ ಸ್ವಭಾವ ಒಂದು ಗಳಿಗೆಯೂ ಕೂಡಿಬರಲಿಲ್ಲ. ನಾನು ಕೂತಲ್ಲಿ ಕೂರುವವಳಲ್ಲ. ತಕ್ಕಡಿ ಹಿಡಿದಾಗಲೂ ನನ್ನ ಒಂದು ಕಾಲು ಹೊಸ್ತಿಲ ಹೊರಗೇ. ಅವರಾದರೋ ಗಿರಾಕಿ ಬಂದರೆ ಗಾಜಿನ ಕಡ್ಡಿಯಿಂದ ಅಂಗೈ ಹಿಂದೆ ಒಂದು ಗೆರೆ ಎಳೆದು, ಮಾರುವುದನ್ನು ಬಿಟ್ಟು ಹೊರಗೆ ಕಳಿಸಿಬಿಡುತ್ತಿದ್ದರು.

"ಈಗ ಏನೂ ಹೇಳಬ್ಯಾಡ್ರಿ. ಹೋಗಿ ಸಂತಿ ಮಾಡ್ರಿ, ಊಟಾ ಮಾಡ್ರಿ, ಆಮ್ಯಾಲೆ ಬಂದು ಹೆಂಗೈತಿ ಹೇಳ್ರಿ."

ಮುಂಡರಗಿ ಬಸ್ಸು ಹಿಡಿಯಬೇಕಾದವರು ಗೊಣಗಿಕೊಂಡು ಹೋಗುತ್ತಿದ್ದರು. ನನಗೆ ಮೈ ಪರಚಿಕೊಳ್ಳುವಂತಾಗುತ್ತಿತ್ತು. "ಚಾಚಾ, ಗಿರಾಕಿ ಓಡಸಾಕ ಅಂಗಡಿ ತಗದೀರೇನ್ರಿ?" ಎಂದು ಇಲ್ಲಿಂದಲೇ ಕೂಗುತ್ತಿದ್ದೆ.

"ಗುಲಾಬಿ ಭಾಳ ಮಾತಾಡತೈತಿ ತಂಗಿ, ನಿನ್ನಂಗ," ಎನ್ನುತ್ತಿದ್ದರು. "ಬಾಗಲದಾಗ ನಿಂತು ಎಲ್ಲಾರನ್ನೂ ಕರೀತೈತಿ. ಊದು ಒಳಗ ಸುಮ್ನ ಕುಂತಿರತೈತಿ. ಕಡೀ ಮಾತು ಊದಿಂದು. ಅದನ್ನ ಕೇಳದ ಯಾರೂ ಭೇಷ್ ಅನಬಾರದು."

ಊದು ಎಂದರೆ ಅಗರು ಮರದ ಎಣ್ಣೆ. ಕಪ್ಪಗೆ, ಕಾಕಂಬಿಯಂತೆ ಇಳಿಯುತ್ತದೆ. ಅದನ್ನೂ ಗುಲಾಬಿಯನ್ನೂ ಕೂಡಿಸಿ ಅವರೇ ಒಂದು ಅತ್ತರು ಮಾಡುತ್ತಿದ್ದರು. ಶಿರಹಟ್ಟಿ, ಮುಳಗುಂದದ ಕಡೆಯ ಮದುವೆಯವರು ಅದನ್ನೇ ಕೇಳಿಕೊಂಡು ಬರುತ್ತಿದ್ದರು. ಅವರ ಕಪಾಟಿನಲ್ಲಿ ನಲವತ್ತು ಬಾಟಲಿಗಳಿದ್ದಿರಬಹುದು, ಒಂದಕ್ಕೂ ಚೀಟಿ ಇರಲಿಲ್ಲ. ಬೂಚು ತೆಗೆದು ಮೂಗಿಗೆ ಹಿಡಿದೇ ಗುರುತು ಹಿಡಿಯುತ್ತಿದ್ದರು. ಚೀಟಿ ಹಚ್ಚಿರಿ ಎಂದರೆ, "ಮೂಗಿದ್ದಾಂವಗ ಚೀಟಿ ಯಾಕಬೇಕು?" ಎಂದು ನಗುತ್ತಿದ್ದರು. ಆ ನಗೆಯಲ್ಲಿ ಸ್ವಲ್ಪ ಸೊಕ್ಕೂ ಇತ್ತು ಎಂದು ಹೇಳದಿದ್ದರೆ ಸುಳ್ಳಾಗುತ್ತದೆ.

ಊರಿಗೆ ಊರೇ ಬಾಗಿಲು ಹಾಕಿಕೊಂಡಿದ್ದ ಆ ಜ್ವರದ ಕಾಲದಲ್ಲಿ ನಾನೂ ಮಲಗಿದೆ, ಅವರೂ ಮಲಗಿದರು. ಇಬ್ಬರೂ ಎದ್ದೆವು. ಆದರೆ ನನ್ನ ಮೂಗು ಏಳಲಿಲ್ಲ.

ವಾಸನೆ ಹೋದರೆ ಏನು ಮಹಾ ಎನ್ನುವವರು ಒಂದು ದಿನ ಕೊತ್ತಂಬರಿ ಬೀಜ ಹುರಿದು ನೋಡಬೇಕು. ನನ್ನ ಕೆಲಸವೆಲ್ಲ ಮೂಗಿನದೇ. ಜೀರಿಗೆ ಹುರಿದದ್ದು ಸಾಕೋ ಬೇಕೋ, ಶೇಂಗಾ ಹಸಿಯೋ ಕರಕೋ, ಒಣಕೊಬ್ಬರಿ ಮುಗ್ಗಿತೋ ಇಲ್ಲವೋ, ಎಲ್ಲವನ್ನೂ ಅದೇ ಹೇಳುತ್ತಿತ್ತು. ಈಗ ಮೆಣಸಿನಕಾಯಿ ಹುರಿದರೆ ಕಣ್ಣಲ್ಲಿ ನೀರು ಬರುತ್ತಿತ್ತು, ಕೆಮ್ಮು ಬರುತ್ತಿತ್ತು, ವಾಸನೆ ಮಾತ್ರ ಇಲ್ಲ. ತಾಸಿಗೊಮ್ಮೆ ಇಂಗಿನ ಡಬ್ಬಿ ತೆಗೆದು ಮೂಸುವುದು, ಸೀರೆ ಮೂಸುವುದು, ಗ್ಯಾಸಿನ ಒಲೆ ಆರಿಸಿದ್ದೇನೋ ಇಲ್ಲವೋ ಎಂದು ಮನೆಗೆ ಓಡುವುದು, ಹೀಗಾಯಿತು ನನ್ನ ಬಾಳು. ಯಾರಿಗೂ ಹೇಳಲಿಲ್ಲ. ಖಾರದ ಅಂಗಡಿಯವಳಿಗೆ ಮೂಗಿಲ್ಲ ಎಂದು ಬಜಾರದಲ್ಲಿ ಗೊತ್ತಾದರೆ ನನ್ನ ಪುಡಿಯನ್ನು ಯಾರು ಬಾಯಿಗಿಟ್ಟಾರು?

ಆದರೆ ಚಾಚಾ ಕಂಡುಹಿಡಿದರು. ಒಂದು ಬೆಳಿಗ್ಗೆ ನನ್ನ ಬಾಣಲೆಯಲ್ಲಿ ಕರಿಬೇವು ಕಪ್ಪಾಗುತ್ತಿದ್ದರೂ ನಾನು ಬೀದಿ ನೋಡುತ್ತ ನಿಂತಿದ್ದೆ. ಹೊಗೆ ಕಂಡು ರಸ್ತೆ ದಾಟಿ ಬಂದು ಒಲೆ ಆರಿಸಿದರು. "ಎಷ್ಟ ದಿನಾ ಆತು?" ಎಂದು ಮೆಲ್ಲಗೆ ಕೇಳಿದರು. ನಾನು ಅತ್ತುಬಿಟ್ಟೆ.

ಮರುದಿನದಿಂದ ಅಂಗಡಿ ತೆಗೆದ ಕೂಡಲೇ ಗಾಜಿನ ಕಡ್ಡಿ ಹಿಡಿದು ಬರತೊಡಗಿದರು. ನನ್ನ ಎಡಗೈ ಹಿಂದೆ ಗುಲಾಬಿ-ಊದಿನ ಒಂದು ಗೆರೆ. "ತಿಕ್ಕಬ್ಯಾಡ. ಸುಮ್ನ ಕುಂಡ್ರು. ಮೂಗಿಗೆ ಹಾದಿ ಮರತೈತಿ, ದಿನಾ ಒಂದ ಹಾದೀಲೆ ಕರಕೊಂಡ ಹೋದ್ರ ನೆನಪಾಕ್ಕೈತಿ." ಮಧ್ಯಾಹ್ನ ಬಂದು ಕೇಳುವರು, ಸಂಜೆ ಬಂದು ಕೇಳುವರು. ಬೆಳಿಗ್ಗೆ ಮತ್ತೆ, ರಾತ್ರಿಯಿಡೀ ಸೆರಗಿಗೆ ಹತ್ತಿದ್ದು ಏನು ಹೇಳುತ್ತದೆ ಎಂದು. ಅವರ ಲೆಕ್ಕದಲ್ಲಿ ಅತ್ತರಿನ ಕೊನೆಯ ತೀರ್ಪು ಮೈಮೇಲಲ್ಲ, ಮರುದಿನದ ಬಟ್ಟೆಯ ಮೇಲೆ.

ಒಂದು ತಿಂಗಳಾಯಿತು, ಎರಡಾಯಿತು, ಮೂರಾಯಿತು. ಏನೂ ಬರಲಿಲ್ಲ. ಕೈಯನ್ನು ಮೂಗಿಗೆ ಎಷ್ಟು ಸಲ ಒಯ್ದೆನೋ, ಗಿರಾಕಿಗಳು ನನಗೇನೋ ಚಟ ಹತ್ತಿದೆ ಎಂದುಕೊಂಡರು.

ಆಮೇಲೆ ಒಂದು ದಿನ ಬಂತು. ಅಂದು ಹೊಸದಾಗಿ ಬೆರೆಸಿದ ಅತ್ತರಿನಿಂದ ಗೆರೆ ಎಳೆಯುತ್ತಲೇ ಮೂಗಿನೊಳಗೆ ಏನೋ ತಣ್ಣಗೆ ಹರಿಯಿತು. ಜುಮ್ಮೆಂದಿತು. ನಾನು ಎದ್ದು ಕುಣಿದಾಡಿದ್ದೊಂದೇ ಬಾಕಿ. "ಚಾಚಾ, ಬಂತ್ರಿ! ಬಂತು!"

"ಖರೆ ಹೇಳು. ಏನ ಬಂತು?"

"ಗುಲಾಬಿ ಬಂತ್ರಿ. ಬಾಗಲದಾಗ ನಿಂತು ಕರದಂಗ. ಅದರ ಹಿಂದ ಊದು ಕುಂತೈತಿ."

ಅವರದೇ ಮಾತನ್ನು ಅವರಿಗೇ ತಿರುಗಿಸಿ ಹೇಳಿದ್ದೆ. ಬಂದದ್ದು ತಂಪು ಮಾತ್ರ, ಗುಲಾಬಿ ಬಂದಿರಲಿಲ್ಲ. ಆದರೆ ಬರಬೇಕೆಂಬ ಆಸೆ ಎಷ್ಟಿತ್ತೆಂದರೆ, ಹೇಳುತ್ತ ಹೇಳುತ್ತ ನನಗೇ ನಿಜವೆನಿಸಿತು. ಮಧ್ಯಾಹ್ನವೂ ಭೇಷ್ ಎಂದೆ, ಸಂಜೆಯೂ ಭೇಷ್ ಎಂದೆ. ಸೆರಗಿನ ತೀರ್ಪಿಗೆ ಮಾತ್ರ ಅವರೂ ಕಾಯಲಿಲ್ಲ. ಶಿರಹಟ್ಟಿಯ ಮದುವೆಯೊಂದಕ್ಕೆ ಬೇಕಾಗಿದ್ದ ಸೀಸೆಗಳನ್ನೆಲ್ಲ ಅದೇ ಅತ್ತರಿನಿಂದ ತುಂಬಿ ಅಂದೇ ಕಳಿಸಿಬಿಟ್ಟರು.

ಮರುದಿನ ಮದುಮಗನ ಅಕ್ಕ ಸೀಸೆಗಳ ಚೀಲ ಹಿಡಿದು ಬಂದಳು. ಬೈಯಲಿಲ್ಲ, ಪಾಪ. ನಗು ತಡೆದುಕೊಂಡು ನಿಂತಿದ್ದಳು. "ಚಾಚಾ, ಇದೇನ್ರಿ? ಮದುಮಗಗ ಹಚ್ಚಿದ್ರ ನಮ್ಮ ಅಜ್ಜನ ಮೊಣಕಾಲ ವಾಸನಿ ಹೊಡ್ಯಾಕತ್ತೈತಿ!"

ಚಾಚಾ ಸೀಸೆ ತೆಗೆದು ಮೂಸಿದರು. ಇನ್ನೊಮ್ಮೆ ಮೂಸಿದರು. ಆ ಮುಖದಲ್ಲಿ ಹೌದೂ ಇಲ್ಲ, ಅಲ್ಲವೂ ಇಲ್ಲ. ಆಮೇಲೆ ಅವರು ನನ್ನ ಕಡೆ ನೋಡಿದರು. ನಾನು ಅವರ ಕಡೆ ನೋಡಿದೆ.

ಆಗಿದ್ದು ಇಷ್ಟೇ. ಅವರ ಸೊಸೆ ಕಪಾಟು ಒರೆಸುವಾಗ, ಮುಳಗುಂದದ ವೈದ್ಯರು ಚಾಚಾಗೆ ಕೊಟ್ಟಿದ್ದ ಮೊಣಕಾಲು ನೋವಿನ ಕರಿ ಎಣ್ಣೆಯನ್ನು ಖಾಲಿ ಊದಿನ ಬಾಟಲಿಗೆ ಸುರಿದು ಅಲ್ಲೇ ಇಟ್ಟಿದ್ದಳು. ಕರ್ಪೂರ, ಓಮಿನ ಹೂವು ಹಾಕಿದ ಎಣ್ಣೆ. ಬಾಟಲಿಯ ಗುರುತಿನ ಮೇಲೆ ಅದನ್ನೇ ಊದೆಂದು ತಿಳಿದು ಚಾಚಾ ಗುಲಾಬಿಗೆ ಬೆರೆಸಿದ್ದರು. ನನ್ನ ಮೂಗಿನಲ್ಲಿ ತಣ್ಣಗೆ ಹರಿದದ್ದು ಅದೇ. ದಿನಾ ಮೊಣಕಾಲಿಗೆ ತಿಕ್ಕಿಕೊಳ್ಳುವ ಅವರ ಬೆರಳುಗಳಿಗೆ ಆ ತಂಪು ರೂಢಿ, ಹಾಗಾಗಿ ಮುಟ್ಟಿದರೂ ತಿಳಿದಿರಲಿಲ್ಲ. ಮೂಗಿದ್ದಿದ್ದರೆ ಬೂಚು ತೆಗೆಯುತ್ತಲೇ ತಿಳಿಯುತ್ತಿತ್ತು.

ಮದುಮಗನ ಅಕ್ಕನಿಗೆ ಇದ್ದಬದ್ದ ಹಳೆಯ ಅತ್ತರಿನಲ್ಲೇ ಒಳ್ಳೆಯದನ್ನು ಕೊಟ್ಟು, ಕೈಮುಗಿದು ಕಳಿಸಿದ ಮೇಲೆ ನಾನು ಕೇಳಿದೆ. "ನಿಮಗೂ ಏನ್ರಿ?"

"ನನಗೂ ತಂಗಿ. ಅದ ಜ್ವರದಾಗ."

"ಮತ್ತ ಮೂರ ತಿಂಗಳಾತು, ನನಗ ಕಲಿಸಾಕತ್ತಿದ್ರಲ್ಲ?"

"ನಿನಗ ಬಂದ್ರ ನನಗೂ ಬಂದೀತು ಅಂದಕೊಂಡಿದ್ದೆ. ಬರದಿದ್ರೂ, ನಿನ್ನ ಮೂಗಿಲೇ ಇನ್ನೊಂದೀಟು ದಿನಾ ಅಂಗಡಿ ನಡಸಿದ್ರಾತು ಅಂತ."

ನನಗೆ ಸಿಟ್ಟು ನೆತ್ತಿಗೇರಿತು. ದಾರಿ ಬಲ್ಲವರೆಂದು ನಂಬಿ ಬೆರಳು ಹಿಡಿದಿದ್ದರೆ, ಅವರೂ ನನ್ನನ್ನೇ ಹಿಡಿದುಕೊಂಡು ತಡವರಿಸುತ್ತಿದ್ದರಲ್ಲ! ಬಾಯಿಗೆ ಬಂದದ್ದು ಅಂದೆ. ಹತ್ತು ದಿನ ಆ ಕಡೆ ಮುಖ ಹಾಕಲಿಲ್ಲ. ನಾನೂ ಸುಳ್ಳು ಹೇಳಿದ್ದೆ ಎಂಬುದು ನೆನಪಾದಾಗಲೆಲ್ಲ ಸಿಟ್ಟು ಇನ್ನಷ್ಟು ಹೆಚ್ಚಾಗುತ್ತಿತ್ತು. ಆ ಹತ್ತು ದಿನವೂ ಬೆಳಿಗ್ಗೆ ನನ್ನ ಕಟ್ಟೆಯ ಮೇಲೆ ಅತ್ತರು ಅದ್ದಿದ ಒಂದು ಹತ್ತಿಯ ಉಂಡೆ ಇರುತ್ತಿತ್ತು. ಎತ್ತಿ ಎಸೆಯುತ್ತಿದ್ದೆ.

ಹನ್ನೊಂದನೆಯ ದಿನ ಒಗೆಯಲು ಬಟ್ಟೆ ಎತ್ತಿಕೊಂಡಾಗ ಹಳೆಯ ಸೀರೆಯೊಂದರ ಸೆರಗು ಮುಖಕ್ಕೆ ತಾಗಿತು. ಕಟ್ಟಿಗೆಯ ಸಂದೂಕದ ತಳದಂಥದು, ಬೆಚ್ಚಗಿನದು, ತುಸು ಕಹಿಯಾದದ್ದು ಏನೋ ಬಂತು. ನಾನು ಅಲ್ಲಾಡದೆ ನಿಂತೆ. ಬಹುಶಃ ಬದುಕಿನಲ್ಲಿ ಮೊದಲ ಸಲ ಅಷ್ಟು ಹೊತ್ತು ನಿಂತದ್ದು. ಹೋಗಲಿಲ್ಲ, ಇತ್ತು. ಊದು. ನನಗೆ ಗುಲಾಬಿಗಿಂತ ಮೊದಲು ಅದೇ ಸಿಕ್ಕಿತು.

ಚಪ್ಪಲಿಯಿಲ್ಲದೆ ಓಡಿದೆ. ಚಾಚಾ ನಂಬಲಿಲ್ಲ, ನಂಬುವಂತೆಯೂ ನಾನು ನಡೆದುಕೊಂಡಿರಲಿಲ್ಲ. ಸೊಸೆಯನ್ನು ಕರೆದು ಎರಡು ಕರಿ ಬಾಟಲಿ ನನ್ನ ಮುಂದೆ ಇಡಿಸಿದರು. ಒಂದರ ಬೂಚು ತೆಗೆದು ಬಹಳ ಹೊತ್ತು ಮೂಸಿ ಹೇಳಿದೆ: "ಇದು ಊದು." ಇನ್ನೊಂದಕ್ಕೆ ಅಷ್ಟು ಹೊತ್ತು ಬೇಕಾಗಲಿಲ್ಲ. "ಇದು ನಿಮ್ಮ ಮೊಣಕಾಲು." ಅವರು ಕೆಮ್ಮು ಬರುವ ತನಕ ನಕ್ಕರು. ಕಣ್ಣೊರೆಸಿಕೊಂಡು, "ಒಬ್ಬರಿಗರೆ ಬಂತಲ್ಲ," ಎಂದರು. ಆ ಮಾತಿಗೆ ನನ್ನ ಸಿಟ್ಟೆಲ್ಲ ಇಳಿದುಹೋಯಿತು.

ಅವರದು ಬರಲೇ ಇಲ್ಲ. ಅಂದಿನಿಂದ ನಾನು ಅವರ ಮೂಗಾದೆ. ನಲವತ್ತೂ ಬಾಟಲಿಗೆ ನನ್ನ ಸೊಟ್ಟ ಅಕ್ಷರದ ಚೀಟಿ ಅಂಟಿಸಿದೆ, ಅವರು ಮುಖ ಆ ಕಡೆ ತಿರುಗಿಸಿಕೊಂಡು ಕೂತಿದ್ದರು. ಬೆರೆಸುವುದು ಅವರ ಕೈ, ಹೇಳುವುದು ನಾನು. ಭೇಷ್ ಎಂದರೆ ಅವರಿಗೆ ಸಂಶಯ. "ಮಧ್ಯಾಹ್ನಕ್ಕ ಕಮಟು ಬಂತ್ರಿ," "ಗುಲಾಬಿ ಜಲ್ದಿ ಓಡೇತ್ರಿ," ಎಂದು ತಪ್ಪು ಹಿಡಿದರೆ ಮುಖ ಅರಳುತ್ತಿತ್ತು. ಕಾಯುವುದು ನನಗೆ ಒಗ್ಗಿತು ಎಂದು ತಿಳಿಯಬೇಡಿ. ಕಾಲು ಕುಣಿಸುತ್ತ, ಗಡಿಯಾರ ನೋಡುತ್ತ ಕಾಯುತ್ತಿದ್ದೆ. ಆದರೆ ಕಾಯುತ್ತಿದ್ದೆ.

ಕಳೆದ ಚಳಿಗಾಲದಲ್ಲಿ ಅವರು ಹಾಸಿಗೆ ಹಿಡಿದರು. ಒಂದು ಬೆಳಿಗ್ಗೆ ಹೇಳಿಕಳಿಸಿದರು. ಮಂಚದ ಮೇಲೆ ದಿಂಬಿಗೊರಗಿ ಕೂತು, ಸೊಸೆಯ ಕೈಯಿಂದ ಬಾಟಲಿ ಹಿಡಿಸಿಕೊಂಡು, ಹನಿ ಎಣಿಸಿ ಗುಲಾಬಿ-ಊದು ಬೆರೆಸಿದ್ದರು. "ಒಂದಿಷ್ಟ ಬ್ಯಾರೆ ಮಾಡೇನಿ, ಗುಲಾಬಿ ಮುಂಜಾನೆ ತನಕ ಓಡಬಾರದಂಗ. ಸರಿ ಆಗೇತೋ ಇಲ್ಲೋ ನನಗ ತಿಳೀಬೇಕು. ಇದೊಂದು ತಿಳೀಬೇಕು," ಎಂದರು. ನನ್ನ ಕೈ ಹಿಂದೆ ಅವರೇ ಗೆರೆ ಎಳೆದರು. ಗೆರೆ ನೆಟ್ಟಗೆ ಬರಲಿಲ್ಲ.

ಅಂದು ನಾನು ಅಂಗಡಿ ತೆಗೆಯಲಿಲ್ಲ. ಮಂಚದ ಪಕ್ಕದ ಸ್ಟೂಲಿನ ಮೇಲೆ ಬೆಳಿಗ್ಗೆಯಿಂದ ಸಂಜೆಯ ತನಕ ಕೂತೆ. ಗುಲಾಬಿ ಹೇಗೆ ಬಂತು, ಯಾವಾಗ ತುಸು ಹಿಂದೆ ಸರಿಯಿತು, ಊದು ಯಾವಾಗ ಎದ್ದಿತು, ಒಂದೊಂದನ್ನೂ ಹೇಳುತ್ತಿದ್ದೆ. ಅವರು ಕಣ್ಣು ಮುಚ್ಚಿ ಕೇಳುತ್ತಿದ್ದರು. ಊಟ ಮಾಡದ ಕಂದಮ್ಮನಿಗೆ ತುತ್ತು ತಿನ್ನಿಸಿದಂತೆ ಅನಿಸುತ್ತಿತ್ತು ನನಗೆ. ಹೊತ್ತು ಮುಳುಗುವಾಗ, "ಭೇಷ್ ಐತ್ರಿ ಚಾಚಾ," ಎಂದೆ.

"ಗಡಬಡಿಸಬ್ಯಾಡ," ಎಂದರು. "ಸೆರಗು ಏನಂತೈತಿ, ಮುಂಜಾನೆ ಬಂದು ಹೇಳು."

ಬೆಳಗಾಗುತ್ತಲೇ ಸೆರಗು ಮೂಸಿದೆ. ಒಮ್ಮೆಗೇ ನಂಬದೆ ಬಾಗಿಲಾಚೆ ಗಾಳಿಗೆ ಹೋಗಿ ನಿಂತು, ಮತ್ತೆ ಬಂದು ಮೂಸಿದೆ. ಆಮೇಲೆ ಓಡಿದೆ. ಅವರ ಮನೆಯ ಮುಂದೆ ಚಪ್ಪಲಿಗಳು ತುಂಬಿದ್ದವು. ಸೊಸೆ ನನ್ನನ್ನು ನೋಡಿ ಬಾಯಿಗೆ ಸೆರಗು ಹಿಡಿದಳು. ಬೆಳಗಿನ ನಮಾಜಿಗೆ ಮುಂಚೆ ಹೋಗಿಬಿಟ್ಟಿದ್ದರು.

ಒಳಗೆ ಬಿಳಿ ಬಟ್ಟೆ ಹೊದಿಸಿ ಮಲಗಿಸಿದ್ದರು. ಕಿವಿಯಲ್ಲಿ ಹತ್ತಿ ಇರಲಿಲ್ಲ. ಆ ಖಾಲಿ ಕಿವಿ ನೋಡಿ ನನ್ನ ದುಃಖ ಒಡೆಯಿತು. ಹೆಂಗಸರು ಹಿಡಿದುಕೊಳ್ಳಲು ಬಂದರು, ನಾನು ಬಿಡಿಸಿಕೊಂಡು ಬಾಗಿದೆ. ಅವರು ಕೇಳಿದ್ದಕ್ಕೆ ಉತ್ತರ ಹೇಳಬೇಕಿತ್ತು. ಈ ಸಲ ಸುಳ್ಳು ಹೇಳಲಿಲ್ಲ, ಗಡಬಡಿಸಲೂ ಇಲ್ಲ.

"ಚಾಚಾ, ಊದು ಐತ್ರಿ," ಎಂದೆ. "ಗುಲಾಬಿನೂ ಇನ್ನೂ ಐತ್ರಿ. ಹೋಗಿಲ್ಲ."